ಶಾಲು ಹೊದಿಸಿ ಟೀಚರನ್ನು ಕಳೆದುಕೊಂಡೆವು

ಶಾಲು ನನ್ನದು. ಹಾರ ಪಂಚಾಯ್ತಿ ಮೆಂಬರರದು. ಹಣ್ಣಿನ ಬುಟ್ಟಿ ಮಹಿಳಾ ಸಂಘದವರದು. ಮೈಕ್ ಬಾಡಿಗೆಯದು.

ಇಷ್ಟನ್ನೂ ಸೇರಿಸಿ ಮೂರು ತಿಂಗಳ ಹಿಂದೆ ಒಂದು ಶನಿವಾರ ನಮ್ಮೂರಿನವರು ಒಬ್ಬ ಹುಡುಗಿಗೆ ಸನ್ಮಾನ ಮಾಡಿದೆವು. ಶಾಲು ಅವಳ ಹೆಗಲ ಮೇಲೆ ಸರಿಯಾಗಿ ಕೂರುವಷ್ಟರಲ್ಲಿ ಅವಳು ನಮ್ಮ ಕೈಬಿಟ್ಟು ಹೋಗಿದ್ದಳು. ಎಲ್ಲಿಗೆ? ಜಗಳೂರಿಗೆ. ಕಳಿಸಿದವರು ಯಾರು? ನಾವೇ. ಚಪ್ಪಾಳೆ ಹೊಡೆದು ಕಳಿಸಿದೆವು!

ನನಗೆ ಇನ್ನೂ ನಂಬಿಕೆ ಬರುತ್ತಿಲ್ಲ. ಇದನ್ನು ಬರೆಯುವಾಗಲೂ ಪೆನ್ನು ನಿಂತು ನಿಂತು ಹೋಗುತ್ತಿದೆ.

ಈ ಅಂಕಣ ಓದುವವರಿಗೆ ನನ್ನ ಜಾತಕ ಗೊತ್ತು. ಏಳನೇ ಕ್ಲಾಸಿನಲ್ಲಿ ಫೇಲಾಗಿ ಬಸ್ಸು ಹತ್ತಿದವನು, ಮುದುಕನಾಗಿ ಇಳಿದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಲೈನಿನ ಪ್ರೈವೇಟ್ ಬಸ್ಸುಗಳಲ್ಲಿ ಕಂಡಕ್ಟರ್ ಆಗಿದ್ದವನು. ನಾನು ಓದಿದ್ದೆಲ್ಲ ಊರಿನ ಬೋರ್ಡು ಮತ್ತು ಜನರ ಮುಖ. (ನನ್ನ ಒತ್ತಕ್ಷರಗಳನ್ನು ಪತ್ರಿಕೆಯ ಹುಡುಗರು ಸರಿ ಮಾಡುತ್ತಾರೆ. ಒಳ್ಳೆಯ ಹುಡುಗರು.) ಆದರೆ ಸಂತೋಷಪಡುವುದಕ್ಕೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು ಅಂತ ಎಲ್ಲಾದರೂ ರೂಲ್ಸ್ ಇದೆಯೇ?

ನನ್ನ ಸಂತೋಷದ ಹೆಸರು ಸಹನಾ. ನನ್ನ ಮೊಮ್ಮಗಳು. ನಾಲ್ಕನೇ ಕ್ಲಾಸು.

ಈ ಹುಡುಗಿ ಮಾತೇ ಆಡುತ್ತಿರಲಿಲ್ಲ. ಮನೆಗೆ ನೆಂಟರು ಬಂದರೆ ಬಾಗಿಲ ಹಿಂದೆ. ಶಾಲೆಯಲ್ಲಿ ಹೆಸರು ಕೇಳಿದರೆ ತನ್ನ ಕಾಲಿನ ಬೆರಳು ನೋಡುತ್ತಿದ್ದಳು. ಅವಳಮ್ಮ ಗೀತಾ, ನನ್ನ ಸೊಸೆ, ಅಡಿಕೆ ಸುಲಿಯುವ ಕೆಲಸಕ್ಕೆ ಹೋಗುತ್ತಾಳೆ. ಸೀಸನ್ನಿನಲ್ಲಿ ಬರುವುದು ದೀಪ ಹಚ್ಚಿದ ಮೇಲೆ. ಮಗ ಟ್ರ್ಯಾಕ್ಟರ್ ಓಡಿಸುತ್ತಾನೆ, ಅವನು ಬಂದಾಗ ಬಂದ. ಶಾಲೆ ಬಿಟ್ಟಲ್ಲಿಂದ ಕತ್ತಲಾಗುವವರೆಗೆ ಮಗು ನನ್ನ ಜವಾಬ್ದಾರಿ. ನನ್ನ ಜವಾಬ್ದಾರಿ ಅಂದರೆ ಏನು? ನಾನು ಮಂಚದ ಮೇಲೆ ಗೊರಕೆ ಹೊಡೆಯುವುದು, ಅವಳು ನನ್ನ ಮೊಬೈಲಿಗೆ ಕಣ್ಣು ನೆಟ್ಟು ಕೂರುವುದು. ನಿಮ್ಮ ಮನೆಯಲ್ಲೂ ಹೀಗೇ ತಾನೇ?

ಹೋದ ವರ್ಷ ಪಂಚಾಯ್ತಿಯ ಲೈಬ್ರರಿ ರೂಮಿನಲ್ಲಿ ಸಂಜೆ ಕೇಂದ್ರ ಅಂತ ಶುರುವಾಯಿತು. ಸರ್ಕಾರದ ದುಡ್ಡು. ಶಾಲೆ ಬಿಟ್ಟ ಮೇಲೆ ಮಕ್ಕಳು ಅಲ್ಲಿಗೆ ಬರಬೇಕು, ಓದಬೇಕು, ಆಡಬೇಕು, ಅಪ್ಪ ಅಮ್ಮ ಬರುವ ಹೊತ್ತಿಗೆ ಮನೆಗೆ ಹೋಗಬೇಕು. ಬೋರ್ಡು ನೋಡಿ ನಾನು ನಕ್ಕಿದ್ದೆ. ನಮ್ಮೂರಿನಲ್ಲಿ ಬೋರ್ಡುಗಳಿಗೆ ಬರವಿಲ್ಲ. ಬಾಗಿಲು ತೆಗೆಯುವವರಿಗೆ ಬರ.

ಬಾಗಿಲು ತೆಗೆಯಲು ಬಂದವಳು ಮಂಜುಳಾ. ಹೊನ್ನಾಳಿಯ ಹುಡುಗಿ, ಡಿಗ್ರಿ ಮುಗಿಸಿದವಳು. ಬಂದ ವಾರದಲ್ಲೇ ನಮ್ಮ ಮನೆ ಬಾಗಿಲಿಗೆ ಬಂದು ನಿಂತಳು.

“ಅಜ್ಜಾ, ನಿಮ್ಮತ್ರ ಹಳೇ ಟಿಕೆಟ್ ಬ್ಯಾಗ್ ಐತಂತೆ. ವಿಷಲ್ಲೂ ಐತಂತೆ. ಕೊಡ್ತೀರಾ?”

“ಯಾಕವ್ವಾ, ಬಸ್ ಬಿಡ್ತೀಯೇನು?” ಅಂದೆ ತಮಾಷೆಗೆ.

“ಹೂಂ ಅಜ್ಜಾ. ಇವತ್ತೇ ಬಿಡ್ತೀನಿ. ಬಂದು ನೋಡ್ರಿ.”

ಹೋಗಿ ಕಿಟಕಿಯಲ್ಲಿ ನಿಂತು ನೋಡಿದೆ. ಚಾಪೆಗಳನ್ನು ಎರಡು ಸಾಲು ಹಾಸಿದ್ದಾಳೆ. ಅದೇ ಬಸ್ಸು. ಮಕ್ಕಳು ಹತ್ತುತ್ತಾರೆ, ಇಳಿಯುತ್ತಾರೆ. ಸ್ಟಾಪ್ ಬಂದಾಗ ಬೋರ್ಡು ಓದಬೇಕು. ಇಳಿದವರೆಷ್ಟು, ಉಳಿದವರೆಷ್ಟು, ಇನ್ನೆಷ್ಟು ಸೀಟು ಖಾಲಿ, ಕಂಡಕ್ಟರ್ ಲೆಕ್ಕ ಹೇಳಬೇಕು. ಕನ್ನಡವೂ ಆಯಿತು, ಗಣಿತವೂ ಆಯಿತು. ಕಂಡಕ್ಟರ್ ಯಾರು? ನಮ್ಮ ಸಹನಾ! “ಅವರಜ್ಜನ ಬ್ಯಾಗು, ಅದಕ್ಕೆ ಅವಳೇ ಫಸ್ಟು” ಅಂದಳು ಮಂಜುಳಾ.

ಬ್ಯಾಗು ಮಗುವಿನ ಮೊಣಕಾಲಿಗೆ ಬರುತ್ತಿತ್ತು. ಕಣ್ಣು ಕಾಲಿನ ಬೆರಳಿನ ಮೇಲೆ. ಬ್ಯಾಡವ್ವಾ, ಬಿಟ್ಟುಬಿಡು, ಅಳಿಸಬೇಡ ಅಂತ ಕಿಟಕಿಯಿಂದ ಕೂಗುವವನಿದ್ದೆ. ಮಂಜುಳಾ ಸೆರಗು ತಲೆ ಮೇಲೆ ಹೊದ್ದು ಮುದುಕಿಯಂತೆ ಬಗ್ಗಿ ಬಂದಳು.

“ರೀ ಕಂಡಕ್ಟರ್, ಬಸ್ಸು ಹೊನ್ನಾಳಿಗೆ ಹೋಗ್ತತೇನ್ರಿ?”

ಸಹನಾ ಸುಮ್ಮನೆ. ಮಕ್ಕಳು ಕಿಸಕ್ಕನೆ ನಕ್ಕವು. ಮುದುಕಿ ಹೋಗಲಿಲ್ಲ.

“ಅಲ್ರೀ, ಮುದುಕಿ ಕೇಳ್ತಾ ಐತೆ. ಹೋಗ್ತತೋ, ನಡಕೊಂಡು ಹೋಗ್ಲೋ?”

“ಹೋಗ್ತತೆ! ಬೇಗ ಹತ್ರೀ! ಒಳಗಡೆ ಜಾಗ ಐತೆ, ಮುಂದಕ್ಕೆ ಸರೀರಿ!”

ಸ್ವಾಮಿ, ಅದು ನನ್ನ ದನಿ! ಸಂತೆ ದಿನದ ಬಸ್ಸಿನಲ್ಲಿ ನಾನು ಕೂಗುತ್ತಿದ್ದ ದನಿ, ಆ ಪುಟ್ಟ ಗಂಟಲಿನಲ್ಲಿ! ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ದಳು? ನಾನು ಪಂಚಾಯ್ತಿ ಮೆಟ್ಟಿಲ ಮೇಲೆ ಕುಕ್ಕರಿಸಿಬಿಟ್ಟೆ. ಆ ಸಂಜೆ ಊರೆಲ್ಲ ಸುತ್ತಿ, ಹೇಳಿದವರಿಗೇ ಮತ್ತೆ ಹೇಳಿದೆ. ಆಮೇಲಂತೂ ಮನೆಯಲ್ಲಿ ಅವಳ ಬಾಯಿಗೆ ಬ್ರೇಕೇ ಇರಲಿಲ್ಲ. ಊಟಕ್ಕೆ ಕುಳಿತರೆ, “ಅಜ್ಜಾ, ಆ ಕಡೆ ಸರೀರಿ, ಲೇಡೀಸ್ ಸೀಟು” ಅನ್ನುತ್ತಿದ್ದಳು. ಬಿದ್ದು ಬಿದ್ದು ನಗುತ್ತಿದ್ದೆ.

ಆದರೆ ಒಂದು ತೊಡಕಿತ್ತು. ಹೊನ್ನಾಳಿಗೆ ಕೊನೆ ಬಸ್ಸು ಕೇಂದ್ರ ಮುಗಿಯುವ ಮೊದಲೇ ಹೊರಡುತ್ತಿತ್ತು. ಮಂಜುಳಾ ಬಸ್ಸು ಹಿಡಿದರೆ ಮಕ್ಕಳಿಗೆ ಅರ್ಧ ಕ್ಲಾಸು. ಕ್ಲಾಸು ಮುಗಿಸಿದರೆ ಅವಳು ರೋಡಿನಲ್ಲಿ. ಇದನ್ನು ಯಾವ ಆಫೀಸಿನವರು ಯೋಚನೆ ಮಾಡಿದ್ದರು? ಯಾರೂ ಇಲ್ಲ. ಆ ಬಸ್ಸಿನ ಡ್ರೈವರ್ ರಫೀಕ್ ಒಂದು ಕಾಲಕ್ಕೆ ನನ್ನ ಬಸ್ಸಿನ ಕ್ಲೀನರ್. ಹೋಗಿ ಹೇಳಿದೆ.

“ರಫೀಕಾ, ಮಿಸ್ಸು ಬರೋತನಕ ಸ್ವಲ್ಪ ನಿಲ್ಲಿಸಪ್ಪಾ.”

“ಅಣ್ಣಾ, ಪ್ಯಾಸೆಂಜರ್ ಬೈತಾರೆ.”

“ಬೈದ್ರೆ ನನ್ನ ಹೆಸರು ಹೇಳು.”

“ನಿನ್ನ ಹೆಸರು ಹೇಳಿದ್ರೆ ಇನ್ನೂ ಜಾಸ್ತಿ ಬೈತಾರೆ ಕಣಣ್ಣ!”

ಆದರೂ ನಿಲ್ಲಿಸಿದ. ಅಂದಿನಿಂದ ಬಸ್ಸು ಹಾಲಿನ ಡೈರಿ ಮುಂದೆ ಕಾಯುತ್ತಿತ್ತು. ಪ್ಯಾಸೆಂಜರ್ ಇಳಿದು ಚಹಾ ಕುಡಿಯುತ್ತಿದ್ದರು. ರಫೀಕನ ಹಾರ್ನೇ ಕೇಂದ್ರ ಬಿಡುವ ಬೆಲ್ಲು. ಸರ್ಕಾರದ ಒಂದು ಕಾರ್ಯಕ್ರಮ ವರ್ಷಪೂರ್ತಿ ಒಬ್ಬ ಡ್ರೈವರನ ಒಳ್ಳೆಯತನದ ಮೇಲೆ ನಡೆಯಿತು ಅಂದರೆ ನೀವು ನಂಬುತ್ತೀರಾ? ನಂಬಿ.

ಈಗ ಸನ್ಮಾನದ ಕಥೆ.

ಕೇಂದ್ರಗಳನ್ನು ಜಾಸ್ತಿ ಮಾಡುತ್ತಾರಂತೆ, ನಮ್ಮೂರಿನದನ್ನು ನೋಡಲು ಜಿಲ್ಲಾ ಆಫೀಸಿನ ದೊಡ್ಡ ಮೇಡಂ ಬರುತ್ತಾರಂತೆ ಅಂತ ಸುದ್ದಿ ಬಂತು. ಬರಿಗೈಯಲ್ಲಿ ಕಳಿಸುವುದುಂಟೇ? ಮೇಡಂ ಮುಂದೆಯೇ ಮಂಜುಳಾಗೆ ಸನ್ಮಾನ ಮಾಡೋಣ ಅಂದವನು ನಾನೇ. ನಮ್ಮ ಕಡೆ ಹಾಗೆ. ಬೋರು ಕೊರೆಸಿ ನೀರು ಬಂದರೆ ಬೋರಿನವನಿಗೆ ಶಾಲು. ಕರೆಂಟು ಸರಿಯಾದರೆ ಲೈನ್‌ಮನ್‌ಗೆ ಶಾಲು. ನಮಗೆ ಖುಷಿಯಾಯಿತೆಂದರೆ ಯಾರದಾದರೂ ಹೆಗಲು ಹುಡುಕುತ್ತೇವೆ.

ಮೈಕು ನನ್ನ ಕೈಗೆ ಬಂತು. ಖುಷಿಯಲ್ಲಿ ಕುಡಿಯದೆಯೇ ಅಮಲೇರಿತ್ತು.

“ಮೇಡಮ್ಮೋರೆ, ಇಂಥ ಮಿಸ್ಸು ಈ ಜಿಲ್ಲೆಯಾಗೇ ಇಲ್ಲ. ಕಲ್ಲನ್ನೂ ಮಾತಾಡಿಸ್ತಾಳೆ. ಈಕೀನ ನೀವು ಎಲ್ಲಿ ಬಿಟ್ರೂ ಕೇಂದ್ರ ನಡೆಸ್ತಾಳೆ!”

ಎಲ್ಲಿ ಬಿಟ್ಟರೂ. ನಾನೇ ಅಂದದ್ದು. ನನ್ನದೇ ಬಾಯಿ.

ಮೇಡಂ ಮಂಜುಳಾ ಕಡೆ ಬಾಗಿ ಕಿವಿಯಲ್ಲಿ ಏನೋ ಕೇಳಿದರು. ಅವಳು ತಲೆಯಾಡಿಸಿದಳು. ಮೇಡಂ ಎದ್ದು ಮೈಕು ಹಿಡಿದರು. “ಅಜ್ಜ ಹೇಳಿದ್ದು ಸತ್ಯ. ಜಗಳೂರು ಕಡೆ ಹೊಸ ಕೇಂದ್ರ ಮಾಡಿದ್ದೇವೆ, ನಡೆಸುವವರು ಸಿಕ್ಕಿರಲಿಲ್ಲ. ಸೋಮವಾರದಿಂದ ಮಂಜುಳಾ ಅಲ್ಲಿಗೆ ಹೋಗುತ್ತಾರೆ. ಇಲ್ಲಿಗೆ ಆದಷ್ಟು ಬೇಗ ಬೇರೆಯವರನ್ನು ಕೊಡುತ್ತೇವೆ. ಎಲ್ಲರೂ ಜೋರಾಗಿ ಒಂದು ಚಪ್ಪಾಳೆ!”

ಹೊಡೆದೆವು! ದೊಡ್ಡವರು ಮೈಕಿನಲ್ಲಿ ಮಾತು ಮುಗಿಸಿದರೆ ನಮ್ಮ ಕೈ ತಾನಾಗಿ ಮೇಲೇಳುತ್ತದೆ. ಏನು ಹೇಳಿದರು ಅನ್ನುವುದು ಆಮೇಲೆ ತಲೆಗೆ ಹೋಗುತ್ತದೆ. ಮಹಿಳಾ ಸಂಘದವರು ಹೊಡೆದರು. ಮೆಂಬರು ಹೊಡೆದರು. ನಾನು ಎಲ್ಲರಿಗಿಂತ ಜೋರಾಗಿ ಹೊಡೆದೆ. ಯಾರೋ ನನ್ನ ಪಂಚೆ ಜಗ್ಗಿದರು. ಸಹನಾ.

“ಅಜ್ಜಾ, ಮಿಸ್ಸು ಹೋಗ್ತಾರಂತೆ. ನೀವ್ಯಾಕೆ ಚಪ್ಪಾಳೆ ಹೊಡೀತೀರಿ?”

ಕೈಗಳು ಹಾಗೇ ಗಾಳಿಯಲ್ಲಿ ನಿಂತವು.

ಜೀಪಿನ ಹತ್ತಿರ ಓಡಿದೆ. ಈ ವಯಸ್ಸಿನವನು ಓಡಿದ್ದು ನೋಡಿ ಮೇಡಂ ಹೆದರಿ ಡೋರು ತೆಗೆದರು.

“ಮೇಡಮ್ಮೋರೆ, ಇದೆಂಥ ಅನ್ಯಾಯ? ನಾವು ಹೊಗಳಿದ್ದು ಇಟ್ಕೊಳ್ಳಾಕೆ, ಕಳಿಸಾಕಲ್ಲ!”

“ಅಜ್ಜಾ, ನಾನೇನು ಮಾಡ್ಲಿ ಹೇಳ್ರಿ? ಹೊಸ ಕೇಂದ್ರಗಳಿಗೆ ಸುಣ್ಣ ಹೊಡೆಸಿದ್ದೀನಿ, ಕಪಾಟು ಕೊಟ್ಟಿದ್ದೀನಿ, ಟೀವಿ ಕೊಟ್ಟಿದ್ದೀನಿ. ಮನುಷ್ಯರನ್ನ ಎಲ್ಲಿಂದ ತರ್ಲಿ? ಕೆಲಸಕ್ಕೆ ಅಂತ ಬಂದೋರು ಎಷ್ಟು ಕೊಡ್ತೀರಿ ಅಂತಾರೆ. ಹೇಳಿದ ಮೇಲೆ ಒಂದು ಲೋಟ ನೀರು ಕುಡಿದು ಎದ್ದು ಹೋಗ್ತಾರೆ.”

“ಹಂಗಾದ್ರೆ ನಮ್ಮ ಮಕ್ಕಳು?”

“ಜಗಳೂರಿನೋವೂ ಮಕ್ಕಳೇ ಅಲ್ವಾ ಅಜ್ಜಾ?”

ಜೀಪು ಹೋಯಿತು.

ಭಾನುವಾರ ಸಹನಾ ಒಂದು ಮಾತೂ ಆಡಲಿಲ್ಲ. ಗೀತಾ ಕರೆದರೂ ಇಲ್ಲ, ನಾನು ಕರೆದರೂ ಇಲ್ಲ. ಬಾಗಿಲ ಹಿಂದೆ ಹೋಗಿ ನಿಂತಳು. ಅದೇ ಹಳೇ ಜಾಗ. ವರ್ಷವಿಡೀ ಬೆಳೆದದ್ದು ಒಂದೇ ದಿನಕ್ಕೆ ಬಾಡುತ್ತದೆಯೇ? ಸಂಜೆ ಹತ್ತಿರ ಬಂದು ಒಂದೇ ಮಾತು ಹೇಳಿದಳು: “ನೀವೇ ಹೊಡೆದಿದ್ದು ಚಪ್ಪಾಳೆ. ನೀವೇ ಹೋಗಿ ಕರ್ಕೊಂಡು ಬರ್ರಿ.”

ಸೋಮವಾರ ಬೆಳಿಗ್ಗೆ ಹೊನ್ನಾಳಿ ಬಸ್‌ಸ್ಟ್ಯಾಂಡಿನಲ್ಲಿ ಮಂಜುಳಾನ ಹಿಡಿದೆ. ಅವಳ ಜೊತೆಗೇ ಬಸ್ಸು ಹತ್ತಿದೆ. ದಾವಣಗೆರೆಯಲ್ಲಿ ಬಸ್ಸು ಬದಲಾಯಿಸಿ ಜಗಳೂರು ದಾರಿ ಹಿಡಿದೆವು. ದಾರಿಯುದ್ದಕ್ಕೂ ನನ್ನದೇ ಮಾತು.

“ನೋಡವ್ವಾ, ಬಸ್ಸು ಎಷ್ಟು ಹೊತ್ತಂದ್ರೆ ಅಷ್ಟೊತ್ತು ನಿಲ್ಲಿಸ್ತೀನಿ. ಗೀತಾ ದಿನಾ ರೊಟ್ಟಿ ಕಟ್ಟಿ ಕೊಡ್ತಾಳೆ. ಊರೋರೆಲ್ಲ ಸೇರಿ ಮೇಡಂ ಹತ್ರ ಹೋಗ್ತೀವಿ. ನೀನು ಒಲ್ಲೆ ಅಂದ್ಬಿಡು ಸಾಕು.”

ಮೆಕ್ಕೆಜೋಳದ ಹೊಲಗಳು ಸರಿಯುತ್ತಿದ್ದವು. ಅವಳು ಕಿಟಕಿಯಿಂದ ಮುಖ ತಿರುಗಿಸಿದಳು.

“ಅಜ್ಜಾ, ಒಂದು ಕೇಳ್ತೀನಿ, ಬ್ಯಾಸರ ಮಾಡ್ಕಬೇಡ್ರಿ. ನಾನು ನಿಮ್ಮೂರಿಗೆ ದಿನಾ ಸಂಜೆ ಬರ್ತಿದ್ದೆ. ಬೆಳಿಗ್ಗೆಯಿಂದ ಎಲ್ಲಿರ್ತಿದ್ದೆ ಅಂತ ಯಾವತ್ತಾದ್ರೂ ಕೇಳಿದ್ರಾ?”

ಕೇಳಿರಲಿಲ್ಲ. ನಾನಷ್ಟೇ ಅಲ್ಲ, ಊರಲ್ಲಿ ಒಬ್ಬರೂ ಕೇಳಿರಲಿಲ್ಲ.

“ಬಟ್ಟೆ ಅಂಗಡೀಲಿ. ಅಲ್ಲಿ ವ್ಯಾಪಾರ ಜೋರಾಗೋದೇ ಸಂಜೆಗೆ. ಸಂಜೆ ಮುಂಚೆ ಬಿಟ್ಟು ಓಡೋ ಹುಡುಗೀನ ಯಾವ ಓನರ್ ಇಟ್ಕೊತಾನೆ? ಒಂದು ಅಂಗಡಿ ಬಿಡಿಸಿದ್ರು. ಇನ್ನೊಂದಕ್ಕೆ ಹೋದೆ, ಅಲ್ಲೂ ಬಿಡಿಸಿದ್ರು. ಮನೇಲಿ ಅಮ್ಮನ ಔಷಧಿ, ತಂಗಿ ಕಾಲೇಜು. ಎರಡು ಗಂಟೆ ಕೆಲಸಕ್ಕೆ ಎರಡು ಗಂಟೆ ಕೂಲಿ ಕೊಡ್ತಾರೆ, ಸರಿ. ಆದ್ರೆ ಆ ಎರಡು ಗಂಟೆ ದಿನದ ಎಂಥ ಜಾಗದಾಗೆ ಬಂದು ಕುಂತೈತೆ ನೋಡ್ರಿ. ಅದರ ಹಿಂದೂ ಕೆಲಸ ನಿಲ್ಲಲ್ಲ, ಮುಂದೂ ನಿಲ್ಲಲ್ಲ.”

“ನಮಗೆ ಹೇಳಬಾರದಿತ್ತಾ?”

“ಏನಂತ ಹೇಳ್ಲಿ? ನೀವು ಬಸ್ ನಿಲ್ಲಿಸ್ತಿದ್ರಿ. ಚಹಾ ಕೊಡ್ತಿದ್ರಿ. ಅಷ್ಟು ಪ್ರೀತಿ ಮಾಡೋರ ಮುಂದೆ ಹೊಟ್ಟೆ ಮಾತು ಆಡಾಕೆ ನಾಚಿಕೆ ಆಗ್ತತೆ ಅಜ್ಜಾ.”

ಆಮೇಲೆ ಮೆಲ್ಲಗೆ ಹೇಳಿದಳು. ಮೇಡಂ ಕಿವಿಯಲ್ಲಿ ಕೇಳಿದ್ದು ಇದನ್ನೇ ಅಂತೆ. ಜಗಳೂರು ಕಡೆಯ ಆ ಊರಿನಲ್ಲಿ ಬೆಳಿಗ್ಗೆ ಲೈಬ್ರರಿ ನೋಡಿಕೊಳ್ಳುವ ಕೆಲಸವೂ ಖಾಲಿ ಇದೆ, ಎರಡೂ ಸೇರಿದರೆ ಪೂರ್ತಿ ದಿನದ ಕೆಲಸ, ಹೋಗ್ತೀಯಾ? “ನೀವು ಮೈಕಿನಾಗೆ ಅಷ್ಟು ಹೊಗಳದಿದ್ರೆ ಅವರು ಕೇಳ್ತಾನೇ ಇರ್ಲಿಲ್ಲ. ನಾನೇ ಹೂಂ ಅಂದೆ ಅಜ್ಜಾ.”

ತಲೆಯಾಡಿಸಿದ್ದು ಅದಕ್ಕೆ! ನಾನು ಅವಳನ್ನು ಕಳೆದುಕೊಂಡೆ ಅಂತ ಅಳಬೇಕೋ, ಅವಳಿಗೆ ಕೆಲಸ ಕೊಡಿಸಿದೆ ಅಂತ ನಗಬೇಕೋ? ಎರಡೂ ಒಟ್ಟಿಗೇ ಬಂದವು. ಪಕ್ಕದ ಸೀಟಿನವರು ನನಗೆ ಏನೋ ಆಯಿತು ಅಂತ ನೀರಿನ ಬಾಟಲಿ ಕೊಟ್ಟರು.

ಅಷ್ಟಾದರೂ ನನ್ನ ಹಟ ಬಿಟ್ಟಿರಲಿಲ್ಲ. ಅಲ್ಲಿಯ ಪಂಚಾಯ್ತಿಯವರ ಹತ್ತಿರ ಜಗಳ ತೆಗೆದಾದರೂ ಕರೆದುಕೊಂಡು ಬರಬೇಕು ಅಂದುಕೊಂಡೇ ಇಳಿದೆ. ಹೊಸ ಕೇಂದ್ರದ ಮುಂದೆ ಹೋದರೆ ಪೇಂಟಿನ ವಾಸನೆ ಇನ್ನೂ ಆರಿಲ್ಲ. ಕಿಟಕಿಯಲ್ಲಿ ಇಣುಕಿದರೆ ಟೀವಿ ಅದರ ಡಬ್ಬದಲ್ಲೇ ಕೂತಿದೆ. ಬಾಗಿಲಿಗೆ ಬೀಗ. ಬೀಗದ ಕೈ ತರಲು ಯಾರೋ ಹೋಗಿದ್ದರು. ಜಗಲಿಯ ಮೇಲೆ ಒಬ್ಬ ಅಜ್ಜಿ, ಮಡಿಲಲ್ಲಿ ಒಂದು ಕುರಿಮರಿ. ನನ್ನ ಬಿಳಿ ಅಂಗಿ ನೋಡಿ ಗಡಬಡಿಸಿ ಎದ್ದಳು.

“ಬಾಗ್ಲು ತೆಗೆಯೋ ಸಾಹೇಬ್ರು ನೀವೇನಾ?”

“ಅಲ್ಲವ್ವಾ. ಈ ಮಿಸ್ಸು.”

ಅವಳು ಮಂಜುಳಾನ ಮೇಲಿಂದ ಕೆಳಗೆ ನೋಡಿದಳು. “ಇರ್ತೀಯಾ, ಹೋಗ್ತೀಯಾ? ಹೇಳ್ಬಿಡು ಈಗ್ಲೇ. ಸುಣ್ಣ ಹೊಡೆಯೋರು ಬಂದು ಹೋದ್ರು. ಬೋರ್ಡ್ ಹಾಕೋರು ಬಂದು ಹೋದ್ರು. ಟೀವಿ ತಂದೋರು ಫೋಟೋ ತಕ್ಕಂಡು ಹೋದ್ರು. ನನ್ನ ಮೊಮ್ಮಗಳು ದಿನಾ ಸಂಜೆ ಜಡೆ ಹಾಕ್ಸಿಕೊಂಡು ಬಂದು ಈ ಬೀಗ ನೋಡ್ಕಂಡು ಹೋಗ್ತಾಳೆ. ನನಗೆ ಜಡೆ ಹಾಕಿ ಹಾಕಿ ಸಾಕಾತು.”

“ಇರ್ತೀನಿ ಅಜ್ಜಿ” ಅಂದಳು ಮಂಜುಳಾ.

ಅಜ್ಜಿ ಕುರಿಮರಿಯನ್ನು ನನ್ನ ಕೈಗೆ ತುರುಕಿ, ಎರಡೂ ಕೈಯಿಂದ ಅವಳ ಕೆನ್ನೆ ಹಿಡಿದುಕೊಂಡಳು. ನಾನು ಜಗಳಕ್ಕೆ ಹೋದವನು. ಕೈಯಲ್ಲಿ ಕುರಿಮರಿ ಹಿಡಿದುಕೊಂಡು ಯಾರ ಹತ್ತಿರ ಜಗಳಾಡಲಿ?

ಒಬ್ಬನೇ ವಾಪಸ್ಸು ಬಂದೆ. ಸಹನಾ ಬಸ್‌ಸ್ಟಾಪಿನಲ್ಲೇ ನಿಂತಿದ್ದಳು. ನನ್ನ ಹಿಂದೆ ಇಳಿಯುವವರನ್ನೆಲ್ಲ ಒಬ್ಬೊಬ್ಬರಾಗಿ ನೋಡಿದಳು. ಬಸ್ಸು ಖಾಲಿಯಾಯಿತು.

“ಅಲ್ಲೂ ಮಕ್ಕಳು ಬಹಳ ಅದಾವೆ ಮಗಾ” ಅಂದೆ.

“ನಾವೇನು ಕಮ್ಮಿ ಇದ್ವಾ?” ಅಂದಳು.

ಮೇಡಂ ಮಾತು ತಪ್ಪಲಿಲ್ಲ. ಬೇರೆಯವರನ್ನು ಕಳಿಸಿದರು. ನ್ಯಾಮತಿಯಿಂದ ಒಬ್ಬ ಯುವಕ ಬಂದ. ಮಕ್ಕಳ ಹೆಸರು ಕಲಿಯುವಷ್ಟರಲ್ಲಿ ಫೈನಾನ್ಸಿನಲ್ಲಿ ಕೆಲಸ ಸಿಕ್ಕಿತು, ಹೋದ. ಅವನನ್ನು ಬೈಯಲೇ? ಅವನ ಜಾಗದಲ್ಲಿ ನನ್ನ ಮಗನಿದ್ದರೆ ಹೋಗು ಅಂತ ನಾನೇ ಹೇಳುತ್ತಿದ್ದೆ. ಆಮೇಲೆ ಒಬ್ಬ ಹೆಣ್ಣುಮಗಳು. ಚೆನ್ನಾಗಿಯೇ ಹೇಳಿಕೊಡುತ್ತಿದ್ದಳು, ಆದರೆ ಎದೆಹಾಲು ಕುಡಿಯುವ ಕೂಸು ಮನೆಯಲ್ಲಿ. ಬೇರೆಯವರ ಮಕ್ಕಳನ್ನು ಸಂಜೆ ನೋಡಿಕೊಳ್ಳುವವಳ ಮಗುವನ್ನು ಸಂಜೆ ಯಾರು ನೋಡಿಕೊಳ್ಳಬೇಕು? ಅವಳೂ ಬಿಟ್ಟಳು. ಈಗ ಮತ್ತೆ ಬೀಗ. ಬಸ್ಸು ಈಗ ಸರಿಯಾದ ಟೈಮಿಗೆ ಹೊರಡುತ್ತದೆ. ಪ್ಯಾಸೆಂಜರ್ ಒಬ್ಬರಿಗೂ ಅದರಿಂದ ಖುಷಿಯಿಲ್ಲ.

ಇದರ ಮಧ್ಯೆ ಚನ್ನಗಿರಿಗೆ ಕೊಟ್ಟ ನನ್ನ ಮಗಳ ಫೋನು. “ಅಪ್ಪಾಜಿ, ನಮ್ಮೂರಾಗೂ ಕೇಂದ್ರ ಓಪನ್ ಮಾಡ್ಯಾರೆ. ಟೀಚರ್ರೇ ಇಲ್ಲ. ಆ ನಿಮ್ಮ ಮಂಜುಳಾ ಮಿಸ್ಸಿಗೆ ಹೇಳಿ ಈ ಕಡೆ ಬರಾಕೆ ಒಪ್ಪಿಸ್ರಿ.” ಹೊಟ್ಟೆಯಲ್ಲಿ ಹುಟ್ಟಿದ ಮಗಳು! ಆ ಜಗಳೂರಿನ ಅಜ್ಜಿಯ ಮುಖ ಕಣ್ಣ ಮುಂದೆ ಬಂದು ಫೋನು ಇಟ್ಟುಬಿಟ್ಟೆ. ಒಬ್ಬಳೇ ಹುಡುಗಿ, ಎಷ್ಟು ಊರಿನವರು ಎಳೆದಾಡುವುದು?

ಮೊನ್ನೆ ಪಂಚಾಯ್ತಿಗೆ ಹೋಗಿ ಕೇಳಿದೆ. ಜಗಳೂರು ಕಡೆ ಮಾಡಿದ ಹಾಗೆ ನಮ್ಮಲ್ಲೂ ಬೆಳಿಗ್ಗೆ ಒಂದು ಕೆಲಸ, ಸಂಜೆ ಕೇಂದ್ರ, ಎರಡೂ ಒಬ್ಬರಿಗೇ ಕೊಡಿ, ಪೂರ್ತಿ ದಿನದ ಕೆಲಸ ಮಾಡಿ, ಯಾರು ಬರುವುದಿಲ್ಲ ನೋಡೋಣ ಅಂದೆ.

ಹಾರ ತಂದಿದ್ದ ಅದೇ ಮೆಂಬರು ಹೇಳಿದರು, “ಅಜ್ಜಾ, ನೀನು ಹೇಳಾದು ಸರಿ ಐತೆ. ಆದ್ರೆ ಅದಕ್ಕೆ ದುಡ್ಡು ಬಂದಿಲ್ಲ. ಎರಡನೇ ಟೀವಿಗೆ ಬಂದೈತೆ. ಬೇಕಾ?”



ಒಂದು ಸಮಾಧಾನ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಸಹನಾಳ ದನಿ ಹೋಗಿಲ್ಲ! ಮತ್ತೆ ಬೀಗ ಬಿದ್ದ ಮೇಲೆ ಒಂದು ವಾರ ಬಾಗಿಲ ಹಿಂದೆ ಇದ್ದವಳು, ನಿನ್ನೆ ಓಣಿಯ ಮಕ್ಕಳನ್ನೆಲ್ಲ ನಮ್ಮ ಜಗಲಿಗೆ ತಂದು ಕೂರಿಸಿಕೊಂಡು ಗದರುತ್ತಿದ್ದಳು. ಕೇಳಿ ಕುಣಿಯುವ ಹಾಗಾಯಿತು. ಐದನೇ ಕ್ಲಾಸಿನ ಹುಡುಗನೊಬ್ಬ ಪಾಠದ ಪುಸ್ತಕ ಹಿಡಿದು ಏನೋ ಕೇಳಿದ. ಅವಳಿಗೆ ಬರಲಿಲ್ಲ. ನನ್ನ ಕಡೆ ತಂದಳು. ಭಿನ್ನರಾಶಿ. ಏಳನೇ ಕ್ಲಾಸಿನಲ್ಲಿ ನನ್ನನ್ನು ಕೆಡವಿದ್ದೇ ಅದು. “ಮಿಸ್ಸು ಬರ್ತಾರೆ, ಇಟ್ಕಂಡಿರು” ಅಂತ ಪುಸ್ತಕ ವಾಪಸ್ಸು ಕೊಟ್ಟೆ.

ಮುಂದಿನ ವರ್ಷ ಇನ್ನೂ ಕೇಂದ್ರಗಳನ್ನು ತೆರೆಯುತ್ತಾರಂತೆ. ತೆರೆಯಲಿ, ನನಗೆ ಸಂತೋಷವೇ. ತೆರೆಯುವವರನ್ನು ಒಂದೇ ಒಂದು ಮಾತು ಕೇಳುತ್ತೇನೆ: ಮಕ್ಕಳಿಗೆ ಬೇಕಾದದ್ದು ಸಂಜೆಯ ಎರಡೇ ಗಂಟೆ ಇರಬಹುದು, ಆದರೆ ಕಲಿಸುವವರ ಹೊಟ್ಟೆ ದಿನವಿಡೀ ಹಸಿಯುತ್ತದೆ ಅನ್ನುವುದನ್ನು ನಿಮಗೆ ಯಾರೂ ಹೇಳಲಿಲ್ಲವೇ ಸ್ವಾಮಿ?